ಕಣ್ಣೆದುರೇ ಬಚ್ಚಿಟ್ಟದ್ದು

ಧೂಳು ಹಿಡಿದ ಅಟ್ಟ. ಮುರಿದ ಕುರ್ಚಿ, ತುಕ್ಕು ತಿಂದ ಟ್ರಂಕು, ಗೊಂಬೆ, ಗಡಿಯಾರ ಒಂದರ ಮೇಲೊಂದು ಬಿದ್ದಿವೆ. ಚಿತ್ರದ ಕೆಳಗೊಂದು ಪಟ್ಟಿ: ಕತ್ತರಿ, ಹಲ್ಲಿ, ಪಿಟೀಲು, ಏಣಿ. ಎಲ್ಲವೂ ಕಣ್ಣೆದುರಿಗೇ ಇವೆ, ಆದರೂ ಕಾಣುವುದಿಲ್ಲ. ಚಿತ್ರದಲ್ಲಿ ಅಡಗಿದ ವಸ್ತುಗಳನ್ನು ಹುಡುಕುವ 'ಹಿಡನ್ ಆಬ್ಜೆಕ್ಟ್' ಕಂಪ್ಯೂಟರ್ ಆಟಗಳ ರುಚಿ ಇರುವುದು ಇಲ್ಲಿಯೇ. ಈ ರುಚಿಯನ್ನು ಉಣಬಡಿಸುವವನು ಚಿತ್ರಕಾರ. ಇಂಥ ಹಲವು ಆಟಗಳಲ್ಲಿರುವ ಪತ್ತೇದಾರಿ ಕಥೆಯ ಪಾಲು ಆಮೇಲಿನದು.

ಅವನ ಕೈಚಳಕವನ್ನು ಬಿಡಿಸಿ ನೋಡಬೇಕು. ಕಂದು ಬಣ್ಣದ ಪಿಟೀಲನ್ನು ಕಂದು ಬೀರುವಿನ ಅಂಚಿಗೆ ಒರಗಿಸುತ್ತಾನೆ. ಬಣ್ಣದಲ್ಲಿ ಬಣ್ಣ ಕರಗುತ್ತದೆ. ಹಲ್ಲಿಯನ್ನು ಕನ್ನಡಿಯ ಕೆತ್ತನೆಯ ಬಳ್ಳಿಗಳ ನಡುವೆ ಬಳ್ಳಿಯಂತೆಯೇ ಬಳುಕಿಸುತ್ತಾನೆ. ಏಣಿಯನ್ನಂತೂ ಬೆರಳಷ್ಟು ಚಿಕ್ಕದು ಮಾಡಿ ಪುಸ್ತಕದ ಕಪಾಟಿನಲ್ಲಿ ನಿಲ್ಲಿಸುತ್ತಾನೆ. ಏಣಿ ಎಂದೊಡನೆ ನಾವು ಗೋಡೆಯುದ್ದಕ್ಕೂ ಹುಡುಕುತ್ತೇವೆಂದು ಅವನಿಗೆ ಗೊತ್ತು. ಹೆಸರನ್ನು ಮನಸ್ಸಿನಲ್ಲಿ ಜಪಿಸುತ್ತಾ ಹುಡುಕಿದರೆ ವಸ್ತು ಸಿಗುವುದಿಲ್ಲ. ಹೆಸರನ್ನು ಬದಿಗಿಟ್ಟು, ಎರಡು ಸಮಾನಾಂತರ ಗೆರೆ, ನಡುವೆ ಅಡ್ಡಪಟ್ಟಿ ಎಂದು ಬರೀ ಆಕಾರವನ್ನು ನೋಡತೊಡಗಿದಾಗ ಥಟ್ಟನೆ ಎದ್ದು ಬರುತ್ತದೆ. ಒಮ್ಮೆ ಕಂಡಿತೆಂದರೆ ಅದನ್ನು ಕಾಣದೆ ಇರಲು ಮತ್ತೆ ಸಾಧ್ಯವೇ ಇಲ್ಲ. ಆ ಕ್ಷಣದ ಮುದಕ್ಕಾಗಿಯೇ ನಾನು ಈ ಆಟಗಳನ್ನು ಪ್ರೀತಿಸುತ್ತೇನೆ. ಒಳ್ಳೆಯ ಚಿತ್ರಕಾರ ಬಚ್ಚಿಟ್ಟ ವಸ್ತುವಿಗೂ ಅದರ ಪಾಲಿನ ಬೆಳಕು, ನೆರಳು ಕೊಟ್ಟಿರುತ್ತಾನೆ. ವಸ್ತುವನ್ನು ಅರೆಪಾರದರ್ಶಕ ಮಾಡಿ ಮಸುಕಾಗಿ ಅಂಟಿಸಿಬಿಡುವ ಆಟಗಳೂ ಇವೆ. ಅದು ಬಚ್ಚಿಡುವುದಲ್ಲ, ಅಳಿಸುವುದು. ನೋಡುವವನಿಗೆ ಮಾಡಿದ ಅನ್ಯಾಯ.

ಇಂಥ ನೋಟಕ್ಕೆ ಪತ್ತೇದಾರಿ ಕಥೆಯನ್ನು ಹೊಸೆದ ಆಟಗಳಲ್ಲಿ ಸಿಯಾಟಲ್‌ನ ಬಿಗ್ ಫಿಶ್ ಗೇಮ್ಸ್ ಸಂಸ್ಥೆಯ 'ಮಿಸ್ಟರಿ ಕೇಸ್ ಫೈಲ್ಸ್' ಸರಣಿಗೆ ದೊಡ್ಡ ಸ್ಥಾನವಿದೆ. 2005ರ 'ಹಂಟ್ಸ್‌ವಿಲ್' ಮೊದಲನೆಯದು. ಆದರೆ ಮನಸ್ಸಿನಲ್ಲಿ ಉಳಿಯುವುದು 2006ರ 'ರೇವನ್‌ಹರ್ಸ್ಟ್'. ಇಂಗ್ಲೆಂಡಿನ ಒಂದು ಪಾಳು ಬಂಗಲೆ. ಅಲ್ಲಿ ಎಮ್ಮಾ ರೇವನ್‌ಹರ್ಸ್ಟ್ ಎಂಬಾಕೆಯ ಹರಿದ ದಿನಚರಿಯ ಹಾಳೆಗಳನ್ನು ನಾವು ಒಂದೊಂದಾಗಿ ಕೂಡಿಸಬೇಕು. ಮದುವೆಗೆ ಒಲ್ಲೆನೆಂದರೂ ಬೆನ್ನು ಬಿಡದ ಚಾರ್ಲ್ಸ್ ಡಾಲಿಮಾರ್‌ನ ನೆರಳು ಹಾಳೆಯಿಂದ ಹಾಳೆಗೆ ಕಪ್ಪಾಗುತ್ತಾ ಹೋಗುತ್ತದೆ. ಕೋಣೆಯಲ್ಲಿ ಕತ್ತರಿ, ಕೀಲಿಕೈಗಳನ್ನು ಹುಡುಕುತ್ತಿದ್ದ ಕಣ್ಣು ಈಗ ಆ ಹೆಣ್ಣು ಬದುಕಿದ ಕೋಣೆಯನ್ನೇ ನೋಡತೊಡಗುತ್ತದೆ. ನಡುನಡುವೆ ಬಾಗಿಲುಗಳು ಬರುತ್ತವೆ. ಅವುಗಳ ಬೀಗವೆಂದರೆ ಹಲ್ಲುಚಕ್ರ, ಸನ್ನೆಗೋಲುಗಳ ಒಂದು ಇಡೀ ಯಂತ್ರ. ಒಂದನ್ನು ಅಲುಗಿಸಿದರೆ ಇನ್ನೊಂದು ತಿರುಗುತ್ತದೆ. ಬಾಗಿಲು ತೆರೆದ ಮೇಲೂ ಆ ಯಂತ್ರವನ್ನು ಇನ್ನಷ್ಟು ಹೊತ್ತು ನೋಡಬೇಕೆನಿಸುತ್ತದೆ.

ಈ ಆಟದ ಒಂದೇ ಕೊರತೆ, ಸಮಯದ ಮಿತಿ ಹೇರಿ ಓಡುವ ಗಡಿಯಾರ. ಸಿಕ್ಕಸಿಕ್ಕಲ್ಲಿ ಕ್ಲಿಕ್ ಮಾಡುವವರನ್ನು ತಡೆಯಲು ಅದು ಬೇಕಿತ್ತೇನೋ, ಆದರೆ ಸವಿಯುವವನಿಗೆ ಅವಸರ ವಿಷ. ಮುಂದೆ ಬಂದ ಹಲವು ಆಟಗಳು ಸಮಯದ ಮಿತಿಯನ್ನು ಕೈಬಿಟ್ಟು ಒಳ್ಳೆಯದು ಮಾಡಿದವು.

ಇದೇ ಸರಣಿಯ, 2007ರ 'ಮೇಡಮ್ ಫೇಟ್'ನಲ್ಲಿ ಜಾತ್ರೆಯೊಂದರ ಕಣಿ ಹೇಳುವವಳು ತನ್ನದೇ ಸಾವನ್ನು ಮುಂಗಂಡು ನಮ್ಮನ್ನು ಕರೆಸುತ್ತಾಳೆ. ಅಲ್ಲಿನ ಕೆಲವು ವಸ್ತುಗಳು ನೋಡುನೋಡುತ್ತಿದ್ದಂತೆ ರೂಪ ಬದಲಿಸುತ್ತವೆ. ಸರಸರ ಕಣ್ಣಾಡಿಸಿದರೆ ಇವು ಕೈಗೆ ಸಿಗುವುದಿಲ್ಲ. ಒಂದೇ ಕಡೆ ದೃಷ್ಟಿ ನೆಟ್ಟು ಕಾದವನಿಗೆ ಮಾತ್ರ ಆ ಪಲ್ಲಟ ಕಾಣುತ್ತದೆ. 2008ರ 'ರಿಟರ್ನ್ ಟು ರೇವನ್‌ಹರ್ಸ್ಟ್' ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಇಲ್ಲಿ ಸಿಕ್ಕಿದ ವಸ್ತು ಪಟ್ಟಿಯಿಂದ ಅಳಿದು ಮರೆತುಹೋಗುವುದಿಲ್ಲ, ಜೊತೆಗೇ ಬರುತ್ತದೆ, ಇನ್ನೆಲ್ಲೋ ಒಂದು ಕಡೆ ಉಪಯೋಗಕ್ಕೆ ಒದಗುತ್ತದೆ. ಹಾಗಾಗಿ ಹಿಂದೆ ದಾಟಿ ಬಂದ ಕೋಣೆಗಳಿಗೇ ತಿರುಗಿ ಹೋಗುತ್ತೇವೆ, ಈಗಾಗಲೇ ನೋಡಿದ್ದನ್ನು ಹೊಸ ಕಾರಣಕ್ಕಾಗಿ ನೋಡುತ್ತೇವೆ. ಸರಣಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಮರುನೋಟವೇ.