ಅಕ್ಕನ ಲ್ಯಾಪ್‌ಟಾಪಿಗೆ ಯಾವ ಡೆಸ್ಕ್‌ಟಾಪ್?

ಲಿನಕ್ಸ್ ಬಳಸೋರು ನಾಲ್ಕು ಜನ ಸೇರಿದ್ರೆ ಒಂದು ಜಗಳ ಗ್ಯಾರಂಟಿ: ಯಾವ ಡೆಸ್ಕ್‌ಟಾಪ್ ಚೆಂದ? ವಿಂಡೋಸ್‌ನಲ್ಲಿ ಕೊಟ್ಟಿದ್ದನ್ನು ತಗೊಂಡು ಸುಮ್ಮನಿರಬೇಕು. ಲಿನಕ್ಸ್‌ನಲ್ಲಿ ಹಾಗಲ್ಲ. ಕಿಟಕಿ, ಮೆನು, ಪ್ಯಾನೆಲ್ ಎಲ್ಲ ಸೇರಿದ ಈ ಮೇಲ್ಪದರವನ್ನೇ ಕಿತ್ತು ಇನ್ನೊಂದನ್ನು ಹಾಕಿಕೊಳ್ಳಬಹುದು. ಎಂಟು ವರ್ಷ ನಾನು ಗ್ನೋಮ್ ಪಕ್ಷದವನು. ಕಳೆದ ದೀಪಾವಳಿಗೆ ಸುರಪುರಕ್ಕೆ ಹೋಗಿ ಬಂದಮೇಲೆ ಆ ನಿಷ್ಠೆ ಅಲುಗಾಡಿದೆ.

ಅಕ್ಕ ಅಲ್ಲಿ ಟೇಲರಿಂಗ್ ಮಾಡ್ತಾಳೆ. ಲೆಕ್ಕ ಇಡೋಕೆ ಇರಲಿ ಅಂತ ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟೆ. 4 ಜಿಬಿ ರ್‍ಯಾಮ್‌ನದ್ದು. ಅವಳನ್ನು ಒಂದು ಮಾತೂ ಕೇಳದೆ ಫೆಡೋರಾ ಹಾಕಿ, ಗ್ನೋಮ್ ಮೆನುಗಳನ್ನು ಕನ್ನಡಕ್ಕೆ ತಿರುಗಿಸಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಪಕ್ಕದಲ್ಲಿ ಕೂತೆ. ನಾಲ್ಕು ಗಿರಾಕಿಗಳ ಹೆಸರು, ಬಾಕಿ ಬರೆದಳು. ಆಮೇಲೆ ಯಾವುದೋ ಡಿಸೈನಿನ ಫೋಟೋ ನೋಡಬೇಕಾಯ್ತು. ಮೂಲೆಯಲ್ಲಿ ಇದ್ದದ್ದು ಒಂದೇ ಗುಂಡಿ.

"ಇದ್ರಾಗ ಮುಚ್ಚೋದೊಂದೇ ಅದ ಏನು? ಮಡಚಿ ಇಡ್ಲಾಕ ಬರಲ್ಲೇನೋ ತಮ್ಮಾ?"

2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗಲೇ ಮಿನಿಮೈಸ್ ಗುಂಡಿಯನ್ನು ತೆಗೆದುಹಾಕಿದರು. ಸೂಪರ್ ಕೀ ಒತ್ತಿದ್ರೆ ತೆರೆದ ಕಿಟಕಿಗಳೆಲ್ಲ ಹರಡಿ ಕಾಣುತ್ತವೆ, ಮತ್ತೆ ಮಡಚೋದು ಯಾಕೆ ಅನ್ನೋದು ಅವರ ವಾದ. ದಿನವಿಡೀ ಕೀಬೋರ್ಡ್ ಮೇಲೆ ಕೈಯಿಟ್ಟು ಕೂರುವ ನನಗೆ ಅದು ಸೊಗಸಾಗಿಯೇ ಇದೆ. ಒಂದು ಸಣ್ಣ ಆ್ಯಪ್ ಹಾಕಿ ಗುಂಡಿಯನ್ನು ವಾಪಸ್ ತರಲೂಬಹುದು, ತಂದೆ. ಆದ್ರೆ ಎದುರಿಗಿರೋರು ನನ್ನಂಥವರೇ ಅಂದುಕೊಂಡು ಕಟ್ಟಿದ ಮನೆ ಅದು ಅನ್ನೋದು ಅವತ್ತೇ ಹೊಳೆದದ್ದು. ತಮಾಷೆ ನೋಡಿ, ಮೆನುವಿನಲ್ಲಿ ಫೈಲಿಗೆ 'ಕಡತ' ಅಂತಿದೆ. ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಾಡುತ್ತಿದ್ದ, ಮಡಚಿಡುವ ಲೆಕ್ಕದ ಪುಸ್ತಕ. ಅನುವಾದಕರು ಹುಡುಕಿದ ಪದ ಸರಿಯಾಗಿದೆ. ಮಡಚೋದನ್ನೇ ಬಿಟ್ಟದ್ದು ಪರದೆ.

ರಾತ್ರಿ ಕೆಡಿಇ ಪ್ಲಾಸ್ಮಾ ಹಾಕಿದೆ. ಮಥಿಯಾಸ್ ಎಟ್ರಿಶ್ 1996ರಲ್ಲಿ ಕೆಡಿಇ ಶುರು ಮಾಡಿದ್ದೇ ಸಾಮಾನ್ಯ ಬಳಕೆದಾರರಿಗಾಗಿ. ಮಡಚೋ ಗುಂಡಿ ಇದೆ, ನೋಡಿದ ತಕ್ಷಣ ಪರಿಚಿತ ಅನ್ನಿಸುತ್ತದೆ. ಕಷ್ಟ ಏನಂದ್ರೆ ಎಲ್ಲವನ್ನೂ ಬದಲಾಯಿಸಬಹುದು. ಮರುದಿನ ಸಂಜೆಯೊಳಗೆ ಅಕ್ಕನ ಮಗ ಪ್ಯಾನೆಲನ್ನು ಪರದೆಯ ತಲೆಗೆ ಏರಿಸಿದ್ದ. ನನಗೆ ಅದು ಸ್ವಾತಂತ್ರ್ಯ. ಅಕ್ಕನಿಗೆ ಅದು ರಾತ್ರೋರಾತ್ರಿ ಯಾರೋ ಅಂಗಡಿ ಸಾಮಾನು ಜರುಗಿಸಿದ ಹಾಗೆ.

ಕೊನೆಗೆ ನಿಂತದ್ದು ಎಕ್ಸ್‌ಎಫ್‌ಸಿಇ. ನಾವು ಗೆಳೆಯರು ಅದನ್ನು ಆಡಿಕೊಂಡು ನಗುತ್ತಿದ್ದೆವು. 4.12 ಬಂದದ್ದು 2015ರ ಫೆಬ್ರುವರಿ, ಮುಂದಿನ 4.14 ಬಂದದ್ದು 2019ರ ಆಗಸ್ಟ್, ನಾಲ್ಕೂವರೆ ವರ್ಷ! ಈಗ ಆ ನಿಧಾನವೇ ಅದರ ದೊಡ್ಡ ಗುಣ ಅನ್ನಿಸುತ್ತಿದೆ. ಅಕ್ಕ ಮೆನು ಓದೋದಿಲ್ಲ, ಜಾಗ ನೆನಪಿಡ್ತಾಳೆ: ಎಡಗಡೆ ಮೂಲೆ, ಮೇಲಿಂದ ಮೂರನೆಯದು. ಇವತ್ತು ಕಲಿತ ಜಾಗ ಮುಂದಿನ ವರ್ಷವೂ ಅಲ್ಲೇ ಇರಬೇಕು. ಹಳೇ ಯಂತ್ರಕ್ಕೂ ಅದು ಭಾರವಾಗಲಿಲ್ಲ.

ದೋಷ ಇಲ್ಲ ಅಂತಲ್ಲ. ನೋಟ ಹಳೆಯದು. ಹೊಸ 4ಕೆ ಪರದೆಯಲ್ಲಿ ಅಕ್ಷರ, ಚಿತ್ರಗಳ ಅಳತೆ ಹೊಂದಿಸೋದು ತಲೆನೋವು. ವೇಲ್ಯಾಂಡ್ ಬೆಂಬಲ 2024ರ ಡಿಸೆಂಬರಿನ 4.20ರಲ್ಲೂ ಪ್ರಯೋಗದ ಹಂತದಲ್ಲೇ ಇತ್ತು. ಕನ್ನಡ ಮೂಡುವ ವಿಷಯದಲ್ಲಿ ಮೂರೂ ಸಮ. ಒತ್ತಕ್ಷರ ಜೋಡಿಸುವ ಹಾರ್ಫ್‌ಬಜ್ ಮೂರಕ್ಕೂ ಒಂದೇ.

ಆಫೀಸಿನಲ್ಲಿ ಈಗಲೂ ನನ್ನದು ಗ್ನೋಮೇ. ಆದ್ರೆ ಯಾವುದು ಚೆಂದ ಅಂತ ಯಾರಾದ್ರೂ ಕೇಳಿದ್ರೆ, ಯಾರಿಗೆ ಅಂತ ಮೊದಲು ಕೇಳ್ತೀನಿ. ನೀವೂ ಊರಿಗೆ ಲ್ಯಾಪ್‌ಟಾಪ್ ಒಯ್ಯುವಾಗ ನಿಮ್ಮ ಇಷ್ಟದ್ದನ್ನು ಹಾಕುವ ಮುಂಚೆ ಅರ್ಧ ತಾಸು ಅವರು ಕೆಲಸ ಮಾಡೋದನ್ನ ನೋಡಿ.

ಮೊನ್ನೆ ಅಕ್ಕ ಫೋನ್ ಮಾಡಿದ್ಲು. ಜಂಪರ್ ಹೊಲಿಯೋ ದರ ಏರಿಸಲೋ ಬೇಡವೋ ಅಂತ ಬಹಳ ಹೊತ್ತು ಮಾತಾಡಿದಳು. ಲ್ಯಾಪ್‌ಟಾಪಿನ ಸುದ್ದಿ ಬರಲೇ ಇಲ್ಲ.