‘ಬರ್ಮಾ ವಿಕ್ಟರಿ’: ಮುಖ ಉಂಟು, ಮಾತಿಲ್ಲ

ಸಿನಿಮಾ ಮತ್ತು ಸೇನೆ ಎರಡೂ ಬೇರೂರಿದ ಊರು ಪುಣೆ. ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಚಲನಚಿತ್ರ ಶಾಲೆ, ಸಮೀಪದಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಕೇಂದ್ರ ಮತ್ತು ಮಹಾಯುದ್ಧದ ಸಮಾಧಿಗಳು. ಎರಡನೇ ಮಹಾಯುದ್ಧದಲ್ಲಿ ಬರ್ಮಾವನ್ನು ಜಪಾನೀಯರಿಂದ ಮರಳಿ ಗೆದ್ದ ಕಥೆ ಹೇಳುವ 1945ರ ಸಾಕ್ಷ್ಯಚಿತ್ರ ‘ಬರ್ಮಾ ವಿಕ್ಟರಿ’ಯನ್ನು ಇಂಥ ಊರಿನಲ್ಲಿ ಕೂತು ನೋಡಿದರೆ ಮೆಚ್ಚುಗೆಯೂ ಬೇಸರವೂ ಒಟ್ಟಿಗೇ ಹುಟ್ಟುತ್ತವೆ.

ಬ್ರಿಟಿಷ್ ಸೇನೆಯ ಚಿತ್ರ ಘಟಕಕ್ಕಾಗಿ ಇದನ್ನು ನಿರ್ದೇಶಿಸಿದವರು ರಾಯ್ ಬೌಲ್ಟಿಂಗ್. ಅವರ ‘ಡೆಸರ್ಟ್ ವಿಕ್ಟರಿ’ ಆಗಲೇ ಆಸ್ಕರ್ ಗೆದ್ದಿತ್ತು. ಆ ಚಿತ್ರದ ಮರುಭೂಮಿಯಲ್ಲಿ ಟ್ಯಾಂಕು, ಫಿರಂಗಿ ಎಲ್ಲ ಬಟಾಬಯಲು. ಬರ್ಮಾದಲ್ಲಿ ವೈರಿ ಕಾಣುವುದೇ ಅಪರೂಪ. ಹಾಗಾಗಿ ಬೌಲ್ಟಿಂಗ್ ಮಳೆ, ಕಾಡು, ಕಾಯಿಲೆಗಳನ್ನೇ ಮುಂದಿಟ್ಟರು. ಅದು ಜಾಣತನವಷ್ಟೇ ಅಲ್ಲ, ಸತ್ಯ ಕೂಡ. 1943ರಲ್ಲಿ ಗಾಯಗೊಂಡ ಒಬ್ಬ ಸೈನಿಕನನ್ನು ಹಿಂದಕ್ಕೆ ಸಾಗಿಸಿದರೆ ಕಾಯಿಲೆ ಬಿದ್ದವರು 120 ಮಂದಿ ಹಿಂದೆ ಬರುತ್ತಿದ್ದರೆಂದು ಸೇನಾಪತಿ ಸ್ಲಿಮ್ ಬರೆದಿದ್ದಾರೆ. ತಮ್ಮ ಸೈನಿಕರಿಗೆ ಮಲೇರಿಯಾ ಮಾತ್ರೆ ನುಂಗಿಸದ ಅಧಿಕಾರಿಗಳನ್ನು ಅವರು ಮನೆಗೆ ಕಳಿಸಿದರು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಬೀಳುವ ಆಹಾರ, ಮದ್ದುಗುಂಡುಗಳನ್ನು ನೋಡುವಾಗ ಆ ಯುದ್ಧ ನಡೆದದ್ದೇ ಸರಬರಾಜಿನ ಬಲದ ಮೇಲೆ ಎಂಬುದು ಮನವರಿಕೆಯಾಗುತ್ತದೆ.

ಚಿತ್ರ ಸೋಲುವುದು ಜನರ ವಿಷಯದಲ್ಲಿ.

ಮೊದಲು ಇದನ್ನು ಅಮೆರಿಕದ ಜೊತೆಗೂಡಿ ಮಾಡುವ ಯೋಚನೆಯಿತ್ತು. ಅವರಿಗೆ ಚೀನಾಕ್ಕೆ ಹೋಗುವ ರಸ್ತೆ ಮುಖ್ಯ, ಬ್ರಿಟಿಷರಿಗೆ ಬರ್ಮಾ ಮುಖ್ಯ. ಹೊಂದಾಣಿಕೆಯಾಗದೆ ಅಮೆರಿಕನ್ನರು ‘ದಿ ಸ್ಟಿಲ್ವೆಲ್ ರೋಡ್’ ಎಂಬ ತಮ್ಮದೇ ಚಿತ್ರ ಮಾಡಿಕೊಂಡರು. ಬರ್ಮಾದಲ್ಲಿ ಕಾದಿದ, ಸ್ಲಿಮ್ ಅವರ ಹದಿನಾಲ್ಕನೇ ಸೇನೆಯಲ್ಲಿ ಬಹುಪಾಲು ಭಾರತೀಯರೇ ಇದ್ದರೂ ಈ ಜಗ್ಗಾಟದಲ್ಲಿ ಅವರ ಪಾಲು ಕೇಳುವವರಿರಲಿಲ್ಲ. ಪರಿಣಾಮ ತೆರೆಯ ಮೇಲಿದೆ: ಸಿಪಾಯಿಯ ಮುಖ ಸಿಗುತ್ತದೆ, ಕಥೆ ಹೇಳುವ ದನಿ ಮಾತ್ರ ಇಂಗ್ಲಿಷರದು.

ಉದಾಹರಣೆಗೆ, 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದಲ್ಲಿ ಪ್ಯಾರಾ ಬ್ರಿಗೇಡಿನ ಜೊತೆ ನಿಂತು ಕಾದಿದವರಲ್ಲಿ ಮರಾಠಾ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ ಒಂದು. ಮುಳ್ಳುತಂತಿಯಿಲ್ಲ, ಕುಡಿಯುವ ನೀರಿಗೂ ತತ್ವಾರ. ಆದರೂ ಕೊಹಿಮಾ ಕಡೆಗೆ ಹೊರಟ ಜಪಾನೀಯರನ್ನು ಅವರು ದಿನಗಟ್ಟಲೆ ತಡೆದರು. ಬೆಳಗಾವಿ ಕೇಂದ್ರದ ಈ ರೆಜಿಮೆಂಟು ನಮ್ಮ ಗಡಿಸೀಮೆಯ ಎಷ್ಟೋ ಮನೆಗಳಿಗೆ ಪರಿಚಿತ. ಅಂಥವರಿಗೆ ಒಂದೆರಡು ನಿಮಿಷ ಅವರದೇ ನುಡಿಯಲ್ಲಿ ಮಾತಾಡಲು ಬಿಟ್ಟಿದ್ದರೆ ಚಿತ್ರದ ತೂಕವೇ ಬೇರೆಯಾಗುತ್ತಿತ್ತು.

ಇನ್ನೊಂದು ಮಾತು. ಅದೇ 1945ರ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಶಾ ನವಾಜ್, ಸೆಹಗಲ್, ಧಿಲ್ಲೋನ್ ಅವರ ವಿಚಾರಣೆ ಆರಂಭವಾಯಿತು. ಅವರೂ ಬರ್ಮಾದಲ್ಲೇ ಹೋರಾಡಿದವರು, ಜಪಾನೀಯರ ಜೊತೆಗಿದ್ದ ಆಜಾದ್ ಹಿಂದ್ ಫೌಜಿನ ಪರವಾಗಿ. ಒಂದೇ ನೆಲದಲ್ಲಿ ಭಾರತೀಯರು ಎರಡೂ ಕಡೆ ಬಂದೂಕು ಹಿಡಿದಿದ್ದ ಈ ಕಗ್ಗಂಟನ್ನು ಬೌಲ್ಟಿಂಗ್ ಅವರ ವಿಜಯಗಾಥೆ ಬಿಡಿಸಲು ಹೋಗುವುದಿಲ್ಲ. ಚಲನಚಿತ್ರ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುವವರು ಕೆಂಪುಕೋಟೆಯ ವಿಚಾರಣೆಯ ದಾಖಲೆಗಳನ್ನೂ ಜೊತೆಗೇ ಓದಿಸಬೇಕು.