ಫಲಕವಿದೆ, ನೀರಿಲ್ಲ
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಂಪನಿಗಳ ಕೊಡುಗೆಗೆ ಮಾತ್ರ ಮೊದಲು ಫಲಕವಾಗಬೇಕು. ನಿಜಕ್ಕೂ ಇದು ದಾನವಲ್ಲ. ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂಬುದು 2013ರ ಕಾಯ್ದೆ.

ಈ ಬಾಬಿನ ಹಣದಿಂದ ಕೇಂದ್ರದ ಸಾರ್ವಜನಿಕ ಉದ್ಯಮಗಳು 2014ರ ನಂತರ ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಿದವು. ಒಳ್ಳೆಯ ಕೆಲಸವೇ. ಆದರೆ 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ನೋಡಿ: ಪರಿಶೀಲಿಸಿದವುಗಳಲ್ಲಿ ಶೇಕಡಾ 72ರ ಒಳಗೆ ನಲ್ಲಿ ನೀರೇ ಇರಲಿಲ್ಲ. ನೀರಿಲ್ಲದಿದ್ದರೆ ದೊಡ್ಡ ಹುಡುಗಿಯರು ತಿಂಗಳ ಆ ದಿನಗಳಲ್ಲಿ ಶಾಲೆಗೆ ಬರುವುದಿಲ್ಲ. ನನ್ನ ಹಾಜರಿ ಪುಸ್ತಕವೇ ಅದನ್ನು ಹೇಳುತ್ತದೆ.

ಕಟ್ಟಡಕ್ಕೆ ಹಣ ಒಮ್ಮೆ ಸಾಕು. ನೀರಿಗೆ, ತೊಳೆಯುವವರ ಸಂಬಳಕ್ಕೆ ಪ್ರತಿ ತಿಂಗಳೂ ಬೇಕು. ಸೊಸೆಗೆ ಒಲೆ ಕೊಟ್ಟು ಸೌದೆ ಕೊಡದ ಅತ್ತೆಯನ್ನು ಉದಾರಿಯೆಂದು ನಾವು ಹೊಗಳುತ್ತೇವೆಯೇ?